ಅಂಚು ಮಡಚಿದವಳು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಮೊದಲು ಹೇಳಿದವರ ಮನೆಯಲ್ಲಿ ಒಬ್ಬಳು ಸೊಸೆ ಇದ್ದಿರಲೇಬೇಕು ಎಂದು ಟೇಲರಮ್ಮನ ನಂಬಿಕೆ. ಅವಳ ಮನೆಯಲ್ಲಂತೂ ಕುಂಬಾರನೂ ದೊಣ್ಣೆಯೂ ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದವು. ಕಾರ್ಖಾನೆಯ ಮುಂದಿನ ಶೆಡ್ಡಿನಲ್ಲಿ ಅತ್ತೆ ಮಾಡಿದ್ದನ್ನು ಹಿಂದಿನ ಶೆಡ್ಡಿನಲ್ಲಿ ಸೊಸೆ ಒಡೆಯುತ್ತಿದ್ದಳು. ಕದ್ದುಮುಚ್ಚಿ ಅಲ್ಲ, ಸಂಬಳಕ್ಕೆ.

ಕಾರ್ಖಾನೆಯೇನೂ ದೊಡ್ಡದಲ್ಲ. ತಗಡಿನ ಮಾಡಿನ ಎರಡು ಶೆಡ್ಡು, ನಡುವೆ ಸಿಮೆಂಟಿನ ಅಂಗಳ, ಒಂದು ಮೂಲೆಯಲ್ಲಿ ಯಜಮಾನರ ಗಾಜಿನ ಕೋಣೆ. ಗಾಡಿಗಳಿಗೆ ಬೇಕಾದ ಬಾಗಿಲು, ಮಾಡು, ಮೂತಿ ಇವನ್ನೆಲ್ಲ ಅಲ್ಲಿ ಲೋಹದಿಂದಲ್ಲ, ಬಟ್ಟೆಯಿಂದ ಮಾಡುತ್ತಿದ್ದರು. ಬಟ್ಟೆ ಎಂದರೆ ಉಡುವ ಬಟ್ಟೆಯಲ್ಲ. ಕಾರ್ಬನ್ ನೂಲಿನ ಕಪ್ಪು ಬಟ್ಟೆ, ಗಾಜಿನ ನೂಲಿನ ಬಿಳಿ ಬಟ್ಟೆ. ಅದನ್ನು ಅಚ್ಚಿನ ಮೇಲೆ ಪದರದ ಮೇಲೆ ಪದರ ಹಾಸಿ, ರೆಸಿನ್ ಎಂಬ ಅಂಟನ್ನು ಉಣಿಸಿ, ಪ್ಲಾಸ್ಟಿಕ್ ಚೀಲ ಕಟ್ಟಿ ಗಾಳಿ ಹೀರಿ, ಓವನ್ನಿನಲ್ಲಿಟ್ಟು ಬೇಯಿಸಿದರೆ ಕಬ್ಬಿಣ ನಾಚಬೇಕು, ಅಷ್ಟು ಗಟ್ಟಿ. ಹಾಸುವ ಕೆಲಸದಲ್ಲಿ ಟೇಲರಮ್ಮನದು ಎತ್ತಿದ ಕೈ. ಅರ್ಧ ಆಯಸ್ಸನ್ನು ಹೊಲಿಗೆ ಯಂತ್ರದ ಮುಂದೆ ಕಳೆದವಳು ಅವಳು. ಜನ ಸಿದ್ಧ ಉಡುಪಿನ ಅಂಗಡಿಗೆ ನುಗ್ಗತೊಡಗಿದ ಮೇಲೆ ಅಂಗಡಿ ಮುಚ್ಚಿ, ಬಟ್ಟೆ ಬಲ್ಲವರು ಬೇಕು ಎಂಬ ಮಾತು ಕೇಳಿ ಇಲ್ಲಿಗೆ ಬಂದಿದ್ದಳು. ಅವಳು ಹಾಸಿದ ಬಟ್ಟೆಯಲ್ಲಿ ಸುಕ್ಕು ಹುಡುಕಲು ಭೂತಗನ್ನಡಿ ಬೇಕು ಎಂದು ಯಜಮಾನರೇ ಹೇಳುತ್ತಿದ್ದರು.

ಟೇಲರಮ್ಮನಿಗೆ ಒಂದೇ ಒಂದು ನೇಮ. ಅಂಚನ್ನು ಬಿಚ್ಚಿಟ್ಟು ಯಾವ ಬಟ್ಟೆಯನ್ನೂ ಕೈಬಿಡಬಾರದು. ಬಿಚ್ಚಿದ ಅಂಚೂ ಬಿಚ್ಚಿದ ಬಾಯಿಯೂ ಒಂದೇ, ಇವತ್ತು ಒಂದೆಳೆ ಹೊರಗೆ ಬಂದರೆ ನಾಳೆ ಊರೆಲ್ಲ ಎನ್ನುತ್ತಿದ್ದಳು. ಪರದೆಯಿರಲಿ, ಮಕ್ಕಳ ಅಂಗಿಯಿರಲಿ, ಅಡುಗೆಮನೆಯ ಕೈಯೊರೆಸುವ ಚಿಂದಿಯಿರಲಿ, ಅಂಚು ಮಡಚಿ ಹೊಲಿಯದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಸೊಸೆಯನ್ನು ಕೆಲಸಗಾರರು ಮುರುಕು ಮೇಡಂ ಎಂದು ಕರೆಯುತ್ತಿದ್ದರು. ಓದಿದವಳು, ಪರೀಕ್ಷೆಯ ಶೆಡ್ಡಿಗೆ ಅವಳೇ ಮುಖ್ಯಸ್ಥೆ. ಸಂಜೆ ಅಮ್ಮನನ್ನು ಕರೆದೊಯ್ಯಲು ಗೇಟಿಗೆ ಬರುತ್ತಿದ್ದ ಮಗ ಇವಳನ್ನು ಕಂಡಿದ್ದು ಅಲ್ಲೇ. ಬಸ್ಸಿನಲ್ಲಿ ಹೋಗುತ್ತೇನೆ ಎಂದಿದ್ದರೆ ಈ ಪೀಡೆಯೇ ಇರುತ್ತಿರಲಿಲ್ಲ ಎಂದು ಟೇಲರಮ್ಮ ಎದುರಿಗೇ ಹೇಳುತ್ತಿದ್ದಳು; ನಿಮ್ಮ ಮೊಣಕಾಲು ನೋವಿಗೆ ನಾನು ಋಣಿ ಅತ್ತೆ ಎಂದು ಸೊಸೆಯೂ ಎದುರಿಗೇ ಹೇಳುತ್ತಿದ್ದಳು. ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲೇ.

ಹಿಂದಿನ ಶೆಡ್ಡಿನಲ್ಲಿ ಕಬ್ಬಿಣದ ಕಂಬಗಳ ಒಂದು ಗೋಪುರವಿತ್ತು. ಅದರ ತುದಿಯಲ್ಲಿ ಎಮ್ಮೆಯಷ್ಟು ತೂಕದ ಕಬ್ಬಿಣದ ಭಾರ. ಸೊಸೆ ಗುಂಡಿ ಒತ್ತಿದರೆ ಅದು ಬಂದು, ಕೆಳಗೆ ನಿಲ್ಲಿಸಿದ ಯಾವುದೇ ವಸ್ತುವಿನ ನೆತ್ತಿಯ ಮೇಲೆ ಬೀಳುತ್ತಿತ್ತು. ಟೇಲರಮ್ಮ ಆ ಶೆಡ್ಡಿನ ಹೊಸ್ತಿಲು ತುಳಿದವಳಲ್ಲ. ತಾನು ಹಾಸಿದ್ದನ್ನು ಜಜ್ಜುವುದನ್ನು ನಿಂತು ನೋಡುವ ಗಟ್ಟಿ ಎದೆ ಅವಳಿಗಿರಲಿಲ್ಲ. ಅವಳು ನೋಡುತ್ತಿದ್ದದ್ದು ಆಮೇಲೆ ಕಸದ ಡಬ್ಬಿಗೆ ಬಂದ ಚೂರುಗಳನ್ನು ಮಾತ್ರ, ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದದ್ದೂ ಅಲ್ಲೇ.

ಆ ಸಲ ಬಂದದ್ದು ಒಂದು ಪುಟ್ಟ ಸಾಮಾನು ಗಾಡಿಯ ಕೆಲಸ. ಮೂಗೇ ಇಲ್ಲದ ಗಾಡಿ ಅದು. ಮುಂದಿನ ಗಾಜಿನ ಕೆಳಗೆ ಒಂದು ತೆಳ್ಳನೆಯ ಮುಖ, ಅದರ ಹಿಂದೆ ಅದೇ ಕಪ್ಪು ಬಟ್ಟೆಯಿಂದ ಮಾಡಿದ, ಕೊಳವೆಯಂಥ ಮೊಳದುದ್ದದ ಎರಡು ಟ್ಯೂಬು, ಅದರ ಹಿಂದೆ ನೇರವಾಗಿ ಚಾಲಕನ ಮೊಣಕಾಲು. ಗಾಡಿ ಎಲ್ಲಿಗಾದರೂ ಗುದ್ದಿದರೆ ಆ ಎರಡು ಟ್ಯೂಬುಗಳೇ ಪೆಟ್ಟನ್ನು ತಿಂದು ಮುಗಿಸಬೇಕು. ಮುಗಿಸದಿದ್ದರೆ ಉಳಿದದ್ದು ಮೊಣಕಾಲಿಗೆ. ಸೊಸೆ ಗೋಪುರದ ಬುಡದಲ್ಲಿ, ಚಾಲಕನ ಕಾಲು ಶುರುವಾಗುವ ಎತ್ತರಕ್ಕೆ, ಕೆಂಪು ಬಣ್ಣ ಬಳಿದ ಒಂದು ಮರದ ಹಲಗೆ ಕೂರಿಸಿದ್ದಳು. ಟ್ಯೂಬು ನಿಲ್ಲುತ್ತಿದ್ದದ್ದು ಅದರ ನಡುವಿನ ತೂತಿನೊಳಗೆ. ಮೇಲಿನಿಂದ ಬಂದ ಭಾರ ಆ ಹಲಗೆ ಮುಟ್ಟುವ ಮೊದಲೇ ನಿಲ್ಲಬೇಕು. ಪರೀಕ್ಷೆ ಎಂದರೆ ಅಷ್ಟೇ.

ಯಜಮಾನರಿಗೆ ಚೌಕದ ಟ್ಯೂಬು ಇಷ್ಟ. ಗಾಡಿಯ ಚೌಕಟ್ಟಿಗೆ ನೀಟಾಗಿ ಕೂರುತ್ತದೆ, ಅಚ್ಚು ಸುಲಭ. ಸೊಸೆಗೆ ದುಂಡನೆಯದು ಬೇಕು. ಚೌಕದಲ್ಲಿ ದುಡಿಯುವುದು ನಾಲ್ಕು ಮೂಲೆಗಳು ಮಾತ್ರ, ನಡುವಿನ ಗೋಡೆಗಳು ಬರೀ ಸೋಮಾರಿಗಳು, ಪೆಟ್ಟು ಬಿದ್ದೊಡನೆ ಬಾಗಿ ಕೂರುತ್ತವೆ. ಮೂಲೆಗಳು ಸೀಳಿ ರಟ್ಟಿನ ಡಬ್ಬಿಯ ಹಾಗೆ ಬಿಚ್ಚಿಕೊಳ್ಳುತ್ತವೆ. ದುಂಡನೆಯದರಲ್ಲಿ ಸೋಮಾರಿಗೆ ಜಾಗವೇ ಇಲ್ಲ ಎಂದು ಅವಳ ವಾದ. ಚೌಕದ ಟ್ಯೂಬು ನಿಲ್ಲಿಸಿ ಬಿಟ್ಟಾಗ ಭಾರ ಹಲಗೆಗೆ ಕುಟ್ಟಿ ನಿಂತಿತ್ತಂತೆ. ದುಂಡನೆಯದಕ್ಕೆ ಬಿಟ್ಟಾಗ ಹಲಗೆಯಿಂದ ಮೂರು ಬೆರಳು ಮೇಲೆಯೇ ನಿಂತಿತಂತೆ.

ಟೇಲರಮ್ಮ ಕಂಡದ್ದು ಬೇರೆ. ಡಬ್ಬಿಗೆ ಬಂದ ಚೌಕದ ಟ್ಯೂಬು ನಾಲ್ಕು ದೊಡ್ಡ ತುಂಡಾಗಿತ್ತು, ಕೂಡಿಸಿ ಕಟ್ಟಿದರೆ ಇನ್ನೂ ಟ್ಯೂಬು ಎನ್ನಬಹುದಿತ್ತು. ದುಂಡನೆಯದು ಬುಡದ ಹೊರತು ಪೂರಾ ಎಳೆಎಳೆ, ಪುಡಿಪುಡಿ, ಹಿಡಿಯಲ್ಲಿ ಹಿಡಿದರೆ ಸೋರಿಹೋಗುವಷ್ಟು. ಇವಳಿಗೆ ಯಾವುದು ಗಟ್ಟಿ ಯಾವುದು ಪೊಳ್ಳು ಎಂಬುದೂ ತಿಳಿಯದಲ್ಲ, ಏನು ಓದಿದಳೋ ಎಂದುಕೊಂಡಳು.

ಅದರ ಮೇಲೆ ಇನ್ನೊಂದು. ಬೆಂದು ಬಂದ ದುಂಡು ಟ್ಯೂಬಿನ ಬಾಯಿಯನ್ನು ಸೊಸೆ ಸುತ್ತಲೂ ಇಳಿಜಾರಾಗಿ ಉಜ್ಜಿಸುತ್ತಿದ್ದಳು, ಪೆನ್ಸಿಲ್ ಚೂಪು ಮಾಡಿದ ಹಾಗೆ. ಅಂಚು ಬ್ಲೇಡಿನಷ್ಟು ತೆಳ್ಳಗಾಗಿ, ಕತ್ತರಿಸಿದ ನೂಲಿನ ತುದಿಗಳು ಎದ್ದು ಕಾಣುತ್ತಿದ್ದವು. ಬಿಚ್ಚಿದ ಅಂಚು. ಟೇಲರಮ್ಮನ ಕಣ್ಣಿಗೆ ಕಸ ಬಿದ್ದ ಹಾಗಾಗುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಅದರ ಮೇಲೆ ಜಗಳವೂ ಆಯಿತು. ಮುರಿಯುವುದು ಬಾಯಿಂದಲೇ ಶುರುವಾಗಬೇಕು ಅತ್ತೆ, ಅದಕ್ಕೆ ಎಂದು ಸೊಸೆ ಫೋನಿನಲ್ಲಿ ಗೀಟುಗಳ ಚಿತ್ರ ತೋರಿಸಿದಳು: ಒಂದು ಗೀಟು ಮೇಜಿನ ಹಾಗೆ ಮಟ್ಟಸ, ಇನ್ನೊಂದು ಸೂಜಿಯ ಹಾಗೆ ಮೇಲೆದ್ದು ಒಮ್ಮೆಗೇ ಬಿದ್ದದ್ದು. ಮುರಿಯೋದನ್ನೂ ಕಲಿಸಿಕೊಡಬೇಕಾ ಎಂದು ಟೇಲರಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಮಗ ಇಬ್ಬರ ಮಾತಿಗೂ ತಲೆದೂಗಿದ. ಅವನ ಜಾಣತನವೆಲ್ಲ ಆ ತಲೆದೂಗುವುದರಲ್ಲೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಅದು ಬರೀ ಮನೆಜಗಳ. ಆದರೆ ಆ ಗಾಡಿಗಳನ್ನು ಓಡಿಸಲು ಚಾಲಕರನ್ನು ತೆಗೆದುಕೊಂಡಾಗ ಮಗನೂ ಅರ್ಜಿ ಹಾಕಿ ಕೆಲಸ ಗಿಟ್ಟಿಸಿಕೊಂಡ. ಅಂಗಳದಲ್ಲಿ ನಿಲ್ಲಿಸಿದ್ದ ಮಾದರಿ ಗಾಡಿಯಲ್ಲಿ ಕೂತು, ಅಮ್ಮ ನೋಡು ಎಂದು ಹಾರನ್ ಒತ್ತಿ ತೋರಿಸಿದ. ಟೇಲರಮ್ಮ ಹಾರನ್ ಕೇಳಲಿಲ್ಲ. ಅವನ ಉದ್ದ ಕಾಲುಗಳು ಮಡಚಿ ಗಾಡಿಯ ಮುಖಕ್ಕೆ ತಾಗುವ ಹಾಗೆ ಕೂತದ್ದನ್ನೇ ನೋಡಿದಳು. ಆ ಮೊಣಕಾಲಿಗೂ ಬೀದಿಗೂ ನಡುವೆ ಎರಡು ಟ್ಯೂಬು. ಅದಕ್ಕೂ ಬಾಯಿ ಬಿಚ್ಚಿಟ್ಟಿದ್ದಾಳೆ ಇವಳು.

ಗಾಡಿ ಕಂಪನಿಯವರು ನೋಡಲು ಬರುತ್ತಾರೆಂದು ಗೊತ್ತಾದಾಗ ಟೇಲರಮ್ಮ ತಾನೇ ಎರಡು ದುಂಡು ಟ್ಯೂಬು ಹಾಸಿಕೊಟ್ಟಳು. ಸೊಸೆ ಬಾಯಿ ಉಜ್ಜಿಸಿ, ಅಳೆದು, ಸರಿಯಿದೆ ಎಂದು ಬಣ್ಣಕ್ಕೆ ಕಳಿಸಿದಳು; ನೋಡಲು ಬರುವವರ ಕಣ್ಣಿಗೆ ಚೆಂದವಿರಲಿ ಎಂದು ಯಜಮಾನರು ಬೂದು ಬಣ್ಣ ಹೊಡೆಸುವುದಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಟೇಲರಮ್ಮ ಆ ಎರಡನ್ನೂ ತನ್ನ ಮೇಜಿಗೆ ತಂದುಕೊಂಡಳು. ಕಪ್ಪು ಬಟ್ಟೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿದಳು. ದಿಂಬಿನ ಚೀಲದ ಅಂಚಿಗೆ ಪೈಪಿಂಗ್ ಪಟ್ಟಿ ಕೊಡುವ ಹಾಗೆ ಅದನ್ನು ಬಾಯಿಯ ಒಳಗಿನಿಂದ ಹೊರಗೆ ಮಡಚಿ, ರೆಸಿನ್ ಉಣಿಸಿ, ಅದರ ಮೇಲೆ ಇನ್ನೊಂದು ಪಟ್ಟಿ ಸುತ್ತಿ, ಬಿಸಿ ದೀಪದ ಕೆಳಗೆ ಒಣಗಿಸಿದಳು. ಆಮೇಲೆ ಮೇಲುಮೇಲೆ ಉಜ್ಜಿ, ಇಳಿಜಾರು ಇದ್ದಲ್ಲೇ ಇದೆ ಎನ್ನುವ ಹಾಗೆ ಮಾಡಿದಳು. ಬಣ್ಣದವನು ಮೂಸಿ ನೋಡಿ, ಹಸಿ ರೆಸಿನ್ ವಾಸನೆ ಬರ್ತಿದೆಯಲ್ಲ, ಮೇಡಂಗೆ ಗೊತ್ತಾ ಎಂದು ಕೇಳಿದ. ಮನೇಲಿ ಹೇಳ್ತೀನಿ ಎಂದಳು. ಮನೆಯಲ್ಲಿ ಹೇಳಲಿಲ್ಲ.

ಮರುದಿನ ಅವಳು ಮೊದಲ ಸಲ ಹಿಂದಿನ ಶೆಡ್ಡಿನ ಹೊಸ್ತಿಲು ತುಳಿದಳು. ತನ್ನ ಕೈಯ ಟ್ಯೂಬು ಈ ಸಲ ಒಡೆಯುವುದಿಲ್ಲ, ಅದನ್ನು ಕಣ್ಣಾರೆ ನೋಡಬೇಕು, ಸೊಸೆಯ ಮುಖವನ್ನೂ ನೋಡಬೇಕು. ಕಂಪನಿಯಿಂದ ಇಬ್ಬರು ಬಂದಿದ್ದರು: ನರೆಗೂದಲಿನ ಒಬ್ಬ ಹೆಂಗಸು, ಅವಳ ಚೀಲ ಹೊರುವುದಕ್ಕೇ ಬಂದವನಂತಿದ್ದ ಒಬ್ಬ ಟೈ ಕಟ್ಟಿದವನು. ಬೆಳಗಿನಿಂದ ಅವರ ಹಿಂದೆ ಓಡಾಡಿದ ಸೊಸೆಗೆ ಟ್ಯೂಬನ್ನು ಮತ್ತೆ ಅಳೆಯಲು ಪುರುಸೊತ್ತಿರಲಿಲ್ಲ. ತೂತಿನೊಳಗೆ ನಿಲ್ಲಿಸಿದಳು, ಎಲ್ಲರನ್ನೂ ಹಳದಿ ಗೆರೆಯ ಹಿಂದೆ ಸರಿಸಿದಳು, ಗುಂಡಿ ಒತ್ತಿದಳು.

ಸರಿಯಾಗಿ ಮುರಿದರೆ ಒಣ ರೊಟ್ಟಿ ಅಗಿದ ಹಾಗೆ ಉದ್ದಕ್ಕೂ ಕರಕರ ಸದ್ದು ಬರುತ್ತದಂತೆ. ಅವತ್ತು ಬಂದದ್ದು ಒಂದೇ ಸದ್ದು, ಕಪಾಳಕ್ಕೆ ಹೊಡೆದ ಹಾಗೆ. ಅದರ ಬೆನ್ನಿಗೇ ಇನ್ನೊಂದು, ಮರ ಸೀಳಿದ್ದು.

ಧೂಳು ಇಳಿದ ಮೇಲೆ ಟೇಲರಮ್ಮ ಮೊದಲು ಕಂಡದ್ದು ಟ್ಯೂಬಿನ ಬಾಯಿಯನ್ನು. ಹಾಗೇ ಇತ್ತು. ಒಂದೆಳೆ ಬಿಟ್ಟಿರಲಿಲ್ಲ. ಒಂದು ಗಳಿಗೆ ಅವಳ ಎದೆ ಉಬ್ಬಿತು. ಆಮೇಲೆ ಉಳಿದದ್ದು ಕಂಡಿತು. ಟ್ಯೂಬು ನಡುವಿನಲ್ಲಿ ಕಬ್ಬು ಮುರಿದ ಹಾಗೆ ಮುರಿದು, ಎರಡು ತುಂಡು ಪಕ್ಕಕ್ಕೆ ಜಾರಿ ಬಿದ್ದಿದ್ದವು. ಏನನ್ನೂ ತಿನ್ನದ ಆ ಟ್ಯೂಬನ್ನು ದಾಟಿ ಭಾರ ಸೀದಾ ಕೆಳಗಿಳಿದಿತ್ತು. ಕೆಂಪು ಹಲಗೆ ಎರಡಾಗಿತ್ತು. ಚೌಕದ್ದು ಹಲಗೆಯನ್ನು ಕುಟ್ಟಿತ್ತಷ್ಟೇ, ಇದು ಮುರಿದೇಹಾಕಿತ್ತು.

ಯಜಮಾನರು ಬೈಯಲಿಲ್ಲ. ಬಂದವರ ಮುಂದೆ ನಗುನಗುತ್ತಲೇ, ನಮ್ಮ ಮೇಡಂಗೆ ಒಡೆಯೋದು ಅಂದ್ರೆ ಬಹಳ ಪ್ರೀತಿ, ಈ ಸಲ ಕೊಂಚ ಜಾಸ್ತಿನೇ ಆಯ್ತು, ಚೌಕದ್ದು ಸಿದ್ಧ ಇದೆ, ಹಲಗೆ ಮುಟ್ಟದ ಹಾಗೆ ಎರಡು ಪದರ ಸೇರಿಸಿಕೊಡ್ತೀವಿ, ಬನ್ನಿ ಟೀ ಕುಡಿಯೋಣ ಎಂದು ಗಾಜಿನ ಕೋಣೆಗೆ ಕರೆದೊಯ್ದರು. ಸೊಸೆಯ ಕಿವಿಗಳು ಕೆಂಪಾಗಿದ್ದವು. ಅವಳು ಯಾರ ಹಿಂದೆಯೂ ಹೋಗಲಿಲ್ಲ. ಚೂರುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡತೊಡಗಿದಳು. ಟೇಲರಮ್ಮ ಹಾಸುವ ಕೋಣೆಗೆ ಬಂದು, ಕೆಲಸವಿಲ್ಲದಿದ್ದರೂ ಮೇಜು ಒರೆಸುತ್ತ ನಿಂತಳು. ಸೊಸೆಯ ಹೆಜ್ಜೆ ಸದ್ದು ಕೇಳಿತು, ತಿರುಗಲಿಲ್ಲ.

ಸೊಸೆ ಟ್ಯೂಬಿನ ಮೇಲಿನ ತುಂಡನ್ನು ಮೇಜಿನ ಮೇಲೆ ಇಟ್ಟಳು. ಕುಕ್ಕಲಿಲ್ಲ, ಮೆತ್ತಗೆ ಇಟ್ಟಳು. ಕುಕ್ಕಿದ್ದರೆ ವಾಸಿಯಿತ್ತು. ಬಾಯಿಯ ಬಣ್ಣವನ್ನು ಉಗುರಿನಿಂದ ಕೆರೆದಿದ್ದಳು. ಕೆಳಗೆ ಮಡಚಿದ ಪಟ್ಟಿ ಕಾಣುತ್ತಿತ್ತು.

"ಇದು ಯಾರ ಕೆಲಸ ಅತ್ತೆ?"

"ನೋಡಿದ್ರೆ ಗೊತ್ತಾಗಲ್ವಾ? ಇಷ್ಟು ಚೆನ್ನಾಗಿ ಅಂಚು ಮಡಚೋರು ಇಲ್ಲಿ ಇನ್ಯಾರಿದ್ದಾರೆ?"

"ಯಾಕೆ ಮಾಡಿದ್ರಿ?"

"ಅವನು ನನ್ನ ಮಗ."

"ನನಗೇನಾಗ್ಬೇಕು ಅವನು? ನಮ್ಮನೇಲಿ ಬಾಡಿಗೆಗಿದ್ದಾನಾ?"

ಟೇಲರಮ್ಮ ಒರೆಸುವ ಬಟ್ಟೆಯನ್ನು ಬಿಸಾಕಿದಳು. ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದೆಲ್ಲ ಹೊರಗೆ ಬಂತು. ನಾನು ಬೆರಳು ಸವೆಸಿ ಮಾಡೋದು, ನೀನು ಗುಂಡಿ ಒತ್ತಿ ಜಜ್ಜೋದು; ಒಂದು ದಿನವಾದರೂ ಇದು ಚೆನ್ನಾಗಿದೆ ಅಂದದ್ದುಂಟಾ; ಪುಡಿ ಆದ್ರೆ ಖುಷಿ ಪಡೋ ಜಾತಿ ನಿಂದು; ಸವೆಸಿ ಬ್ಲೇಡು ಮಾಡಿದ ಟ್ಯೂಬನ್ನ ನನ್ನ ಮಗನ ಕಾಲಿನ ಮುಂದೆ ಇಡ್ತೀಯ, ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂರ್ಬೇಕಾ ಎಂದು ಕೇಳಿದಳು. ಅದೆಲ್ಲ ಮುಗಿದ ಮೇಲೆ ಸೊಸೆ ಮೇಜಿನ ಮೇಲಿದ್ದ ತುಂಡಿಗೆ ಬೆರಳು ಕುಟ್ಟಿ ಹೇಳಿದಳು.

"ಪುಡಿ ಆಗೋದೇ ಅದರ ಕೆಲಸ. ಅದು ಎಷ್ಟು ಪುಡಿ ಆಗುತ್ತೋ ಅಷ್ಟು ಪೆಟ್ಟು ಅದರ ಹೊಟ್ಟೆಗೆ ಹೋಯ್ತು ಅಂತ. ಅದು ತಿನ್ನದೆ ಬಿಟ್ಟಿದ್ದನ್ನ ಇನ್ಯಾರೋ ತಿನ್ನಬೇಕು. ಇವತ್ತು ಹಲಗೆ ತಿಂತು. ನೋಡಿದ್ರಲ್ಲ? ಕಸದ ಡಬ್ಬಿ ನೋಡಿ ಗಟ್ಟಿ, ಪೊಳ್ಳು ಅಂತ ತೀರ್ಮಾನ ಮಾಡಿದ್ರಿ. ಒಂದು ದಿನ ಒಳಗೆ ಬಂದು ಕೇಳ್ಲಿಲ್ಲ."

"ನೀನು ಹೇಳೋದು ಯಾರಿಗೆ ಅರ್ಥ ಆಗುತ್ತೆ? ಬರೀ ಗೀಟು."

"ಸರಿ. ಈಗ ಚೌಕದ್ದು ಹೋಗುತ್ತೆ ಗಾಡಿಗೆ. ನಿಮ್ಮ ಮಗ ಅದನ್ನೇ ಮುಂದಿಟ್ಕೊಂಡು ಓಡಿಸ್ತಾನೆ. ಅದರ ತುಂಡುಗಳು ದೊಡ್ಡ ದೊಡ್ಡದಾಗಿ ಉಳಿಯುತ್ತೆ. ಕೂಡಿಸಿಟ್ಕೊಳ್ಳಿ."

ಅಷ್ಟು ಹೇಳಿ ಹೋದಳು.

ಮೈಯೆಲ್ಲ ಬೆಂಕಿ ಬಿದ್ದ ಹಾಗಾಗಿ ಟೇಲರಮ್ಮನಿಗೆ ಏನನ್ನಾದರೂ ಹರಿದು ಹಾಕಬೇಕು ಎನಿಸಿತು. ಮೇಜಿನ ಕೆಳಗೆ ಒರೆಸುವ ಚಿಂದಿಗಾಗಿ ತಂದಿದ್ದ ಹಳೆಯ ಹಾಸಿಗೆ ಹೊದಿಕೆಗಳ ಗಂಟಿತ್ತು. ಒಂದನ್ನು ಎಳೆದು, ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಹರಿಯಲಿಲ್ಲ. ಮಡಚಿ ಹೊಲಿದ ಅಂಚು. ಇನ್ನೂ ಸಿಟ್ಟು ಬಂತು. ಒಂದು ಬದಿಯನ್ನು ಕಾಲಿನಡಿ ಮೆಟ್ಟಿಕೊಂಡು, ಇದ್ದ ಬಲವೆಲ್ಲ ಹಾಕಿ ಜಗ್ಗಿದಳು. ಟರ್ ಎಂದು ಹೊದಿಕೆ ನಟ್ಟನಡುವೆ, ಎಲ್ಲೋ ಸವೆದಿದ್ದ ಕಡೆ, ಅಡ್ಡಾದಿಡ್ಡಿ ಹರಿದುಹೋಯಿತು. ಅವಳು ಎಡವಿ ಗೋಡೆಗೆ ಒರಗಿದಳು. ಕೈಯಲ್ಲಿ ಅಂಚು ಉಳಿದಿತ್ತು, ಹೊಲಿಗೆ ಒಂದಿಷ್ಟೂ ಬಿಡದೆ.

ಬಟ್ಟೆ ಹರಿಯಬೇಕಾದಾಗ ಯಾವ ಟೇಲರೂ ಹೀಗೆ ಜಗ್ಗುವುದಿಲ್ಲ. ಮೊದಲು ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಕೊಡುತ್ತಾರೆ. ಕಚ್ಚು ಕೊಟ್ಟ ಮೇಲೆ ಬಟ್ಟೆ ಅಲ್ಲಿಂದಲೇ ಶುರುವಾಗಿ, ನೆಟ್ಟಗೆ, ಕೊನೆಯವರೆಗೆ, ಸರಸರ ಹರಿಯುತ್ತದೆ, ಎಲ್ಲಿ ಬೇಕೋ ಅಲ್ಲಿಯೇ. ಅದನ್ನು ಅವಳು ಎಷ್ಟು ಸಾವಿರ ಸಲ ಮಾಡಿದ್ದಳೋ. ಸೊಸೆ ಉಜ್ಜಿಸಿದ ಆ ಇಳಿಜಾರು ಬಿಚ್ಚಿದ ಅಂಚಲ್ಲ, ಕಚ್ಚು. ಕಚ್ಚಿನ ಮೇಲೆ ಯಾರಾದರೂ ಪೈಪಿಂಗ್ ಹಾಕುತ್ತಾರಾ?

ಅವಳ ಸಿಟ್ಟು ತಣ್ಣಗಾಯಿತು ಎಂದುಕೊಂಡರೆ ನೀವು ಅವಳನ್ನು ಬಲ್ಲವರಲ್ಲ. ಇಮ್ಮಡಿಯಾಯಿತು. ಗೀಟು ತೋರಿಸುವ ಬದಲು ಒಂದು ಚಿಂದಿ ಹರಿದು ತೋರಿಸಿದ್ದರೆ ಆಗುತ್ತಿತ್ತಲ್ಲ ಎಂದು ಸೊಸೆಯ ಮೇಲೆ, ಕೈಯಲ್ಲಿದ್ದ ವಿದ್ಯೆ ತಲೆಗೇರಲಿಲ್ಲವಲ್ಲ ಎಂದು ತನ್ನ ಮೇಲೆ. ಮುರಿದ ತುಂಡನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಕೈಯಲ್ಲೇ ಹಿಡಿದು ಅಂಗಳ ದಾಟಿದಳು, ಗಾಜಿನ ಕೋಣೆಯ ಬಾಗಿಲು ತಟ್ಟದೆ ತಳ್ಳಿದಳು, ಟೀ ಲೋಟಗಳ ನಡುವೆ ಅದನ್ನು ಇಟ್ಟಳು. ಅವಳು ಕುಕ್ಕಿಯೇ ಇಟ್ಟಳು.

"ಸೋತಿದ್ದು ಆ ಹುಡುಗಿ ಮಾಡಿದ ಆಕಾರ ಅಲ್ಲ. ಅದರ ಬಾಯಿ ಹೊಲಿದವಳು ನಾನು. ಅವಳಿಗೆ ಗೊತ್ತಿಲ್ಲದೆ."

ಯಜಮಾನರ ಮುಖ ಸುಣ್ಣವಾಯಿತು. ಕೆಲಸದವರು ತಮಗೆ ತೋಚಿದ್ದನ್ನು ಟ್ಯೂಬಿಗೆ ಮೆತ್ತುವ ಕಾರ್ಖಾನೆ ಎಂದು ಗೊತ್ತಾದರೆ ಚೌಕದ ಕೆಲಸವೂ ಕೈತಪ್ಪುತ್ತದೆ. ಅವರು ಬಂದವರ ಕಡೆ ತಿರುಗಿ, ಇವರು ನಮ್ಮ ಮೇಡಂ ಅತ್ತೆ, ಪಾಪ, ಸೊಸೆಯನ್ನ ಉಳಿಸೋಕೆ ಹೀಗೆಲ್ಲ ಹೇಳ್ತಿದ್ದಾರೆ ಎಂದರು.

ಟೇಲರಮ್ಮನ ಮೇಲೆ ಜೀವಮಾನದಲ್ಲಿ ಯಾರೂ ಅಂಥ ಆರೋಪ ಹೊರಿಸಿರಲಿಲ್ಲ.

"ನಾನಾ? ಅವಳನ್ನಾ? ಹೊರಗೆ ಯಾರನ್ನಾದ್ರೂ ಕರೆದು ಕೇಳಿ ಸ್ವಾಮಿ."

ಟೈ ಕಟ್ಟಿದವನಿಗೆ ಟೀ ನೆತ್ತಿಗೇರಿತು. ನರೆಗೂದಲಿನ ಹೆಂಗಸು ನಗಲಿಲ್ಲ. ತುಂಡನ್ನು ಎತ್ತಿ, ಮಡಚಿದ ಪಟ್ಟಿಯ ಸುತ್ತ ಬೆರಳಾಡಿಸಿ, ಇನ್ನೊಂದು ಟ್ಯೂಬು ಇದೆಯಲ್ಲ, ಅದಕ್ಕೂ ಹೊಲಿದಿದ್ದೀರಾ ಎಂದು ಕೇಳಿದಳು. ಒಂದು ತೋಳು ಹೊಲಿದು ಇನ್ನೊಂದು ಬಿಡೋ ಟೇಲರ್ ಎಲ್ಲಿದ್ದಾರೆ ಎಂದಳು ಟೇಲರಮ್ಮ. ಹಾಗಾದರೆ ಅದನ್ನು ಬಿಚ್ಚಿ, ನಾನು ನೋಡಬೇಕು ಎಂದಳು ಆ ಹೆಂಗಸು.

ಬಿಚ್ಚುವ ಹಾಗಿರಲಿಲ್ಲ. ಬೆಂದ ರೆಸಿನ್ ಹೊಲಿಗೆಯಲ್ಲ, ದಾರ ಎಳೆದರೆ ಬರುವುದಕ್ಕೆ. ಬಾಯಿಯನ್ನೇ ಕೊಯ್ದು ತೆಗೆಯಬೇಕು. ಸೊಸೆ ಸೀಮೆಸುಣ್ಣದಲ್ಲಿ ಎರಡು ಬೆರಳು ಕೆಳಗೆ ಗೆರೆ ಎಳೆದಳು. ಎರಡು ಬೆರಳು ಹೋದರೆ ಪೆಟ್ಟು ತಿನ್ನುವ ಉದ್ದದಲ್ಲಿ ಎರಡು ಬೆರಳು ಕಮ್ಮಿ. ಇದ್ದದ್ದೇ ಮೂರು ಬೆರಳು ಅಂತರ. ಸಾಕಾಗುತ್ತಾ ಎಂದು ಟೇಲರಮ್ಮ ಕೇಳಿದಳು. ಗೊತ್ತಿಲ್ಲ ಎಂದಳು ಸೊಸೆ. ಗೊತ್ತಿಲ್ಲ ಎನ್ನುವುದನ್ನು ಅವಳ ಬಾಯಲ್ಲಿ ಟೇಲರಮ್ಮ ಕೇಳಿದ್ದು ಅದೇ ಮೊದಲು. ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಹಿಡ್ಕೊಳ್ಳಿ," ಎಂದಳು ಸೊಸೆ, "ಅಲುಗಾಡಬಾರದು."

ಅತ್ತೆ ಟ್ಯೂಬನ್ನು ಎದೆಗವಚಿ ಹಿಡಿದಳು, ಸೊಸೆ ಗರಗಸ ಹಾಕಿದಳು. ಕಪ್ಪು ಧೂಳು ಇಬ್ಬರ ಮುಖಕ್ಕೂ ಎರಚಿತು. ಪೈಪಿಂಗಿನ ಉಂಗುರ ಕಳಚಿ ನೆಲಕ್ಕೆ ಬಿದ್ದು ಉರುಳಿತು. ಆಮೇಲೆ ಉಜ್ಜುವ ಕೆಲಸ. ನಿಧಾನ, ಒಂದೇ ಸಮ ಬರಲಿ, ಆ ಕಡೆ ದಪ್ಪ ಉಳೀತು ಎಂದು ಟೇಲರಮ್ಮ ಹೇಳುತ್ತಲೇ ಇದ್ದಳು. ಗೊತ್ತು, ಗೊತ್ತು, ಸುಮ್ನಿರಿ ಎಂದು ಸೊಸೆ ಹಲ್ಲು ಕಚ್ಚಿಕೊಂಡೇ ಉಜ್ಜುತ್ತಿದ್ದಳು. ಬಾಯಿ ಬ್ಲೇಡಿನಷ್ಟು ತೆಳ್ಳಗಾಯಿತು. ಎಳೆಗಳು ಎದ್ದು ಕಂಡವು. ಟೇಲರಮ್ಮ ಕಣ್ಣು ಮುಚ್ಚಲಿಲ್ಲ.

ಮತ್ತೆ ಗೋಪುರ. ಹ್ಯಾಗೋ ಮೊಳೆ ಹೊಡೆದು ಕೂಡಿಸಿದ ಕೆಂಪು ಹಲಗೆ. ಮತ್ತೆ ಹಳದಿ ಗೆರೆ. ಟೇಲರಮ್ಮ ಹಲಗೆಯನ್ನೇ ನೋಡುತ್ತ ನಿಂತಳು, ಅದರ ಜಾಗದಲ್ಲಿ ಅವಳಿಗೆ ಎರಡು ಉದ್ದ ಕಾಲು ಕಾಣುತ್ತಿದ್ದವು.

ಭಾರ ಬಂತು. ಈ ಸಲ ಸದ್ದು ನಿಲ್ಲಲೇ ಇಲ್ಲ ಎನಿಸಿತು: ಕರ್ ಎಂದು, ಉದ್ದಕ್ಕೆ, ಯಾರೋ ಹಸಿದವರು ಅಗಿದು ಅಗಿದು ತಿಂದ ಹಾಗೆ. ಟ್ಯೂಬಿನ ಬಾಯಿ ಎಳೆಎಳೆಯಾಗಿ ಬಿಚ್ಚಿ, ಅರ್ಧ ಒಳಗೆ, ಅರ್ಧ ಹೊರಗೆ ಸುರುಳಿ ಸುತ್ತಿಕೊಂಡು, ದೊಡ್ಡ ಕಪ್ಪು ಸೇವಂತಿಗೆಯ ಹಾಗೆ ಅರಳಿತು. ಭಾರ ಅದರ ಮೇಲೆ ಕೂತು ನಿಂತಿತು. ಹಲಗೆಗೂ ಭಾರಕ್ಕೂ ನಡುವೆ ಬೆಳಕು ಕಾಣುತ್ತಿತ್ತು.

ಯಾರಾದರೂ ಬೇಡ ಎನ್ನುವ ಮೊದಲೇ ಟೇಲರಮ್ಮ ಗೆರೆ ದಾಟಿ ಹೋಗಿ ಆ ಸಂದಿಯಲ್ಲಿ ಬೆರಳು ತೂರಿಸಿದಳು. ಒಂದು ಬೆರಳು ಹಿಡಿಯಿತು. ಎರಡನೆಯದು ಹಿಡಿಯಲಿಲ್ಲ.

ದುಂಡನೆಯದೇ ಆಗಲಿ, ಪೂರ್ತಿ ಉದ್ದದ್ದು ಎಂದಳು ನರೆಗೂದಲಿನ ಹೆಂಗಸು. ಯಜಮಾನರು, ನಾನೂ ಮೊದಲಿನಿಂದ ಅದನ್ನೇ ಹೇಳ್ತಾ ಇದ್ದದ್ದು ಎಂದರು. ಆ ಹೆಂಗಸು ಅವರ ಮಾತು ಮುಗಿಯಲು ಬಿಡದೆ, ಒಂದು ಕರಾರು, ಈ ಅಮ್ಮ ಇನ್ನು ಟ್ಯೂಬು ಮುಟ್ಟಬಾರದು, ಬೇರೆ ಯಾರಾದರೂ ಹಾಸಲಿ ಎಂದಳು. ಎಲ್ಲರೂ ಸೊಸೆಯ ಕಡೆ ನೋಡಿದರು. ಟೇಲರಮ್ಮನೂ ನೋಡಿದಳು.

"ಸರಿ," ಎಂದಳು ಸೊಸೆ.

ಟೇಲರಮ್ಮ ಸೀದಾ ಗೇಟಿಗೆ ನಡೆದಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತಾರೆ. ಅವಳಿಗೆ ಶಾಂತಿಯೂ ಬಂದಿರಲಿಲ್ಲ, ಮೂಗೂ ಇರಲಿಲ್ಲ. ಮಗನ ಗಾಡಿಗೆ ಮಗನ ತಾಯಿ ಹಾಸಬಾರದು, ಯಾರೋ ಹಾಸಬಹುದು; ಅದಕ್ಕೆ ಸರಿ ಎಂದವಳು ಮನೆಯವಳೇ. ತಪ್ಪು ತನ್ನದು ಎಂದು ಗೊತ್ತಿತ್ತು. ಗೊತ್ತಿದ್ದರೆ ಉರಿ ಕಮ್ಮಿಯಾಗುತ್ತದೆಯೇ?

ಸಂಜೆ ಮಗ ಹಳೆಯ ಕಾರು ತಂದು ನಿಲ್ಲಿಸಿ, ಮಸಿ ಮೆತ್ತಿದ ತಾಯಿಯ ಮುಖವನ್ನೂ ಹಿಂದೆ ಬಂದ ಹೆಂಡತಿಯ ಮುಖವನ್ನೂ ನೋಡಿ, ಬಾಗಿಲು ತೆರೆದ. ಟೇಲರಮ್ಮ ಹತ್ತಲಿಲ್ಲ.

"ನನ್ನ ಕೈಗೆ ಇನ್ನು ಏನು ಕೊಡ್ತೀಯ?" ಎಂದು ಸೊಸೆಯನ್ನು ಕೇಳಿದಳು. "ಪೊರಕೆನಾ?"

"ಗೂಡು," ಎಂದಳು ಸೊಸೆ. ಅವಳ ದನಿಯಲ್ಲೂ ಬೆಳಗಿನ ಬೆಂಕಿ ಹಾಗೇ ಇತ್ತು. "ಬಾಗಿಲು, ಮಾಡು, ಅವನು ಕೂರೋ ಜಾಗದ ಸುತ್ತ ಇರೋದೆಲ್ಲ. ಮುಂದಿನದು ಪುಡಿ ಆಗ್ಬೇಕು, ಗೂಡಿಗೆ ಗೀರೂ ಬೀಳಬಾರದು. ಅಲ್ಲಿ ಅಂಚು ಮಡಚಿ, ಎಷ್ಟು ಬೇಕೋ ಅಷ್ಟು. ಯಾರು ಬೇಡ ಅಂತಾರೆ?"

"ಇದನ್ನ ಆ ಹೆಂಗಸಿನ ಮುಂದೆ ಹೇಳೋಕೆ ಏನಾಗಿತ್ತು?"

"ಹೇಳಿದೆ. ಒಪ್ಪಿದ್ರು. ನೀವು ಎದ್ದು ಹೋದ ಮೇಲೆ."

"ನಾನಿದ್ದಾಗ ಹೇಳ್ಬೇಕಿತ್ತು."

"ನೀವಿದ್ದಾಗ ನನಗೆ ಸಿಟ್ಟಿತ್ತು."

"ಈಗ?"

"ಈಗಲೂ ಇದೆ."

"ನನಗೂ ಇದೆ," ಎಂದು ಟೇಲರಮ್ಮ ಕಾರು ಹತ್ತಿ, ಸೊಸೆಗೆ ಜಾಗ ಬಿಟ್ಟು ಆ ತುದಿಗೆ ಸರಿದಳು.

ಮಗ ಗಾಡಿ ಹೊರಡಿಸಿದ. ಬೀದಿಯ ತಿರುವಿನಲ್ಲಿ ಎದುರಿಗೆ ಬಂದ ಲಾರಿಗೆ ದಾರಿ ಬಿಡುವ ಬದಲು ನುಗ್ಗಲು ಹೊರಟವನನ್ನು ಹಿಂದಿನಿಂದ ಇಬ್ಬರೂ ಒಟ್ಟಿಗೇ ಬೈದರು. ಅವನು ಬ್ರೇಕ್ ಒತ್ತಿ ತಿರುಗಿ ನೋಡಿದ. ಅಮ್ಮ ಮಸಿಯಾದ ಒಂದು ಬೆರಳನ್ನು ಅವನ ಮುಖದ ಮುಂದೆ ಹಿಡಿದಿದ್ದಳು.

"ಇಷ್ಟೇ ಉಳಿದಿತ್ತು ನಿನಗೆ ಇವತ್ತು," ಎಂದಳು. "ನೋಡ್ಕೊಂಡು ಓಡಿಸು."

ಅವನಿಗೆ ಏನೂ ಅರ್ಥವಾಗಲಿಲ್ಲ. ಅಭ್ಯಾಸದಂತೆ ತಲೆದೂಗಿದ.